ಗುತ್ಯಪ್ಪನ ಪಟ್ಟಿ

ಶಿವಮೊಗ್ಗದ ಖಾಸಗಿ ಬಸ್ ನಿಲ್ದಾಣದಲ್ಲಿ
ಟೈಮ್‌ಕೀಪರ್ ಗುತ್ಯಪ್ಪನ ಗೂಡಿಗೆ
ಒಂದು ಕಂಪ್ಯೂಟರು ಬಂತು, ಅದರ ಹಿಂದೆ ನಾನು.
ಪರದೆಯ ಮೇಲೊಂದು ಉದ್ದನೆ ಚೌಕ,
ಅದರೊಳಗೆ ಸಾಲಾಗಿ ಬಸ್ಸುಗಳು ನಿಲ್ಲಬೇಕು.
ಮಾಲೀಕರ ಸಂಘ ಕೇಳಿದ್ದು ಇಷ್ಟೇ.

ಒಂದೇ ಮಧ್ಯಾಹ್ನದಲ್ಲಿ ನಾಲ್ಕು ಫಂಕ್ಷನ್ ಬರೆದೆ.
ಸೇರಿಸು ಎಂದರೆ ಕೊನೆಗೆ ಹೋಗಿ ನಿಲ್ಲುತ್ತದೆ.
ತೂರಿಸು ಎಂದರೆ ನಡುವೆ, ಹೇಳಿದ ಜಾಗದಲ್ಲಿ;
ಕೆಳಗಿನವು ಒಂದೊಂದು ಹೆಜ್ಜೆ ಸರಿದು ಕೊಡುತ್ತವೆ,
ಸೀಟಿನಲ್ಲಿ ಕೂತವರ ಹಾಗೆ ಗೊಣಗುವುದಿಲ್ಲ.
ತೆಗೆ.
ಎಲ್ಲ ಅಳಿಸು.
ಈ ಕಡೆಯದಕ್ಕೆ ಮಾತ್ರ ‘ಖಂಡಿತವೇ?’ ಎಂದು
ಕೇಳುವ ಪೆಟ್ಟಿಗೆ ಇಟ್ಟೆ.

“ಮೊದಲನೇ ಬಸ್ಸಿನ ನಂಬರು ಎಷ್ಟು?”
“ಸೊನ್ನೆ.”
ಕಿವಿಯ ಮೇಲಿನ ಬೀಡಿ ತೆಗೆದು ನೋಡಿ
ಮತ್ತೆ ಅಲ್ಲೇ ಇಟ್ಟ ಗುತ್ಯಪ್ಪ.
“ಸೊನ್ನೆ ಅಂದ್ರೆ ಬಸ್ಸೇ ಇಲ್ಲ ಅಂತ ಅಲ್ವಾ, ಮುಬೀನಮ್ಮ?”
ಐದೂ ಕಾಲಿಗೆ ಆನವಟ್ಟಿ ಬಸ್ಸು ಹೊರಟಿತು.
ಒಳಗೆ ಡ್ರೈವರು, ಕಂಡಕ್ಟರು, ಪೇಪರಿನ ಮೂರು ಕಟ್ಟು.
ಅದನ್ನೇ ನೋಡುತ್ತ ನಿಂತಿದ್ದು ಹೇಳಿದ,
“ಆಯ್ತು, ಸೊನ್ನೆನೇ ಇರಲಿ.”

ಮೂರನೇ ದಿನ ತಪ್ಪಾಯಿತು.
ಏಳರಲ್ಲಿ ರಿಪ್ಪನ್‌ಪೇಟೆಯ ನವಮಿ, ಗೇರ್ ಬಾಕ್ಸ್ ಹೋಗಿತ್ತು.
ಅದನ್ನು ಆರಿಸಿದ್ದ, ಇನ್ನೂ ತೆಗೆದಿರಲಿಲ್ಲ,
ಅಷ್ಟರಲ್ಲಿ ಯಾರೋ ಕಿಟಕಿಯಿಂದ ಕೂಗಿದರು:
ಸೊರಬಕ್ಕೆ ಇನ್ನೊಂದು ಬಸ್ಸು, ಮದುವೆ ಜನ ತುಂಬಿದ್ದಾರೆ.
ಅದನ್ನು ಮೇಲೆ ತೂರಿಸಿದ. ಆಮೇಲೆ ತೆಗೆ ಒತ್ತಿದ.
ನನ್ನ ಫಂಕ್ಷನ್ ನೆನಪಿಟ್ಟದ್ದು ಏಳನ್ನು, ನವಮಿಯನ್ನಲ್ಲ.
ಆರರಿಂದ ಏಳಕ್ಕೆ ಆಗಷ್ಟೇ ಜಾರಿದ್ದ
ಕೊಪ್ಪದ ಬಸ್ಸು ಪರದೆಯಿಂದ ಹೋಯಿತು.

ನಿಲ್ದಾಣದಲ್ಲಿ ಅದು ನಿಂತೇ ಇತ್ತು, ಗುರುಗುಡುತ್ತ.
ಪರದೆಯನ್ನು ನಂಬಿದ ಹನ್ನೊಂದು ಜನ
ಬೆಂಚಿನ ಮೇಲೆ ಕೂತು ಅದು ಹೊರಡುವುದನ್ನು ನೋಡಿದರು.
ಒಬ್ಬಾಕೆಯ ಮಡಿಲಲ್ಲಿ ಹೊಲಿಗೆ ಯಂತ್ರದ ತಲೆ,
ಟವೆಲಿನಲ್ಲಿ ಸುತ್ತಿದ್ದು.
ಆಕೆ ನನ್ನನ್ನು ಬೈಯಲಿಲ್ಲ.
ಬರೆದವಳು ನಾನೆಂದು ಆಕೆಗೇನು ಗೊತ್ತು?
ಮುಂದಿನ ಬಸ್ಸಿನ ತನಕ ಆಕೆಯ ಪಕ್ಕ ಕೂತಿದ್ದೆ.

ಜಾಗ ಬೇರೆ, ಜಾಗದಲ್ಲಿ ಕೂತವರು ಬೇರೆ.
ಇದನ್ನು ಆರು ಸೆಮಿಸ್ಟರಿನಲ್ಲಿ ಓದಿ ಪಾಸಾಗಿದ್ದೆ.
ಆ ರಾತ್ರಿ ಪ್ರತಿ ಬಸ್ಸಿಗೂ ಅದರದೇ ಗುರುತು ಕಟ್ಟಿದೆ,
ಎಲ್ಲಿ ಸರಿದರೂ ಜೊತೆಗೇ ಸರಿಯುವಂಥದ್ದು.

ಆಮೇಲೆ ಮುಷ್ಕರ. ತೀರ್ಥಹಳ್ಳಿ ಕಡೆಯವನ್ನೆಲ್ಲ ತೆಗೆಯಬೇಕು.
ಮೇಲಿಂದ ಒಂದೊಂದೇ ತೆಗೆಯುತ್ತ ಬಂದರೆ
ಹೋದದ್ದರ ಜಾಗಕ್ಕೆ ಕೆಳಗಿನದು ಏರಿ
ಎಣಿಕೆಯ ಕಣ್ಣು ತಪ್ಪಿಸಿ ಉಳಿದುಬಿಡುತ್ತದೆ.
ಎರಡು ಗಂಟೆ ಒದ್ದಾಡುತ್ತಿದ್ದೆ.
ಗುತ್ಯಪ್ಪ ಬೆನ್ನ ಹಿಂದಿನಿಂದ, ಚಹಾ ಹೀರುತ್ತ:
“ಕೆಳಗಿಂದ ಬನ್ರೀ. ಚೆಕ್ಕಿಂಗಿಗೆ ಹತ್ತಿದೋರು
ಹಿಂದಿನ ಬಾಗಿಲಿಂದ್ಲೇ ಬರೋದು.”
ಇಪ್ಪತ್ತೆರಡು ವರ್ಷ ಕಂಡಕ್ಟರಾಗಿದ್ದವ.
ಕೆಳಗಿಂದ ಬಂದೆ. ಒಂದೂ ತಪ್ಪಲಿಲ್ಲ.

ಮೊನ್ನೆ ಇನ್ನೊಂದು ಬಟನ್ ಕೇಳಿದ.
ಮಂಡಗದ್ದೆ ಹತ್ತಿರ ಟೈರು ಒಡೆದು ನಿಂತಿದೆ,
ಇಲ್ಲಿಗೆ ಬಂದು ಕೊಪ್ಪಕ್ಕೆ ತಿರುಗಬೇಕಾದದ್ದು.
“ಐತೆ ಅನ್ನೋಕಾಗಲ್ಲ, ಇಲ್ಲ ಅಂತ ತೆಗೆಯೋಕೂ ಆಗಲ್ಲ.
ಬರುತ್ತೆ, ಕೂತಿರಿ ಅನ್ಬೇಕು.
ಅದಕ್ಕೇನೈತೆ ನಿಮ್ಮಲ್ಲಿ?”

ಕೈಪಿಡಿ ಪೂರಾ ಹುಡುಕಿದೆ.
ಸಾಲಿನ ಬಣ್ಣ ಬದಲಿಸಬಹುದು. ಮಸುಕು ಮಾಡಬಹುದು.
ಮಸುಕು ಮಾಡಿದೆ.
ಅವನು ಪರದೆ ನೋಡಿದ, ನನ್ನನ್ನು ನೋಡಿದ,
ಕಿಟಕಿಯಿಂದ ತಲೆ ಹೊರಗೆ ಹಾಕಿ
ಬೆಂಚಿನವರಿಗೆಲ್ಲ ಕೇಳುವಂತೆ ಕೂಗಿದ,
“ಕೊಪ್ಪ ಬರ್ತೈತೆ, ಕೊಪ್ಪಾ!”

ಸಂಜೆ ಎಷ್ಟಿವೆ ಎಂದು ಎಣಿಸುವ ಫಂಕ್ಷನ್ ಕರೆದೆ.
ಮೂವತ್ತೊಂದು ಎಂದಿತು, ಮಸುಕಾದದ್ದನ್ನು ಬಿಟ್ಟು.
ಗುತ್ಯಪ್ಪ ಬೆರಳಿನ ಗೆಣ್ಣುಗಳ ಮೇಲೆ
ಹೆಬ್ಬೆರಳು ಓಡಿಸುತ್ತಿದ್ದ.
ಸೊನ್ನೆಯಿಂದಲ್ಲ, ಒಂದರಿಂದ.
ಮೂವತ್ತೆರಡು, ಅಂದ.