ಹಳದಿ ತಂತಿ

ಪೋಸ್ಟ್‌ಮ್ಯಾನ್ ಗೇಟಿನಾಚೆಯೇ ನಿಂತು ಕೇಳಿದ:
"ಕೆಂಪಾಜಮ್ಮ ಅಂದ್ರೆ ಯಾರು, ನಿಮ್ಮಜ್ಜೀನಾ?"
ನಾನೇ, ಅಂದೆ. ಅಜ್ಜಿಯ ಹೆಸರು, ನಲವತ್ತಾರರ ಮೈ.
ಜಪಾನಿನ ಪೊಟ್ಟಣವನ್ನು ಕಿವಿಯ ಹತ್ತಿರ ಅಲುಗಾಡಿಸಿದ,
ತೆಂಗಿನಕಾಯಿ ಕೊಳ್ಳುವವರ ಹಾಗೆ.
ಸುಂಕ ಎರಡು ಸಾವಿರದ ಮುನ್ನೂರ ಹತ್ತು.
ಹತ್ತು ರೂಪಾಯಿಗೆ ಪಕ್ಕದ ಮನೆಗೆ ಓಡಿದೆ.

ಚೀಟಿಯಲ್ಲಿತ್ತು: ಬಳಸಿದ ಆಟಿಕೆ, ಒಂದು.

ಆಟಿಕೆಯೇ, ಸುಳ್ಳಲ್ಲ.
ಆದರೆ ನಾನು ತರಿಸಿದ್ದು
ಅದರ ಬೆನ್ನಿನಲ್ಲಿರುವ ಒಂದು ತೂತಿಗಾಗಿ.

ತೊಂಬತ್ತನಾಲ್ಕರಲ್ಲಿ, ಮಂಡಿ ಮೊಹಲ್ಲಾದಲ್ಲಿ,
ಸೈಕಲ್ ಅಂಗಡಿಯ ಮೇಲಿನ ಕತ್ತಲೆ ಕೋಣೆ.
ಹತ್ತು ನಿಮಿಷಕ್ಕೆ ಒಂದು ರೂಪಾಯಿ.
ಹುಡುಗರ ನಡುವೆ ಲಂಗದವಳು ನಾನೊಬ್ಬಳೇ.
ಗಡಿಯಾರ ನೋಡಿ ಎಬ್ಬಿಸುವ ಕೆಲಸ ಮುನವ್ವರನದು,
ನನ್ನ ಸರದಿಗೆ ಅವನ ಮುಳ್ಳು ಸ್ವಲ್ಪ ಕುಂಟುತ್ತಿತ್ತು.
ಅಲ್ಲಿಯ ಡಬ್ಬಿ ಎಲ್ಲ ಬಣ್ಣವನ್ನೂ
ಒಂದೇ ಹಳದಿ ತಂತಿಗೆ ತುರುಕಿ ಕಳಿಸುತ್ತಿತ್ತು.
ಕೆಂಪು ತನ್ನ ಗೆರೆಯಲ್ಲಿ ನಿಲ್ಲದೆ ಪಕ್ಕದ ಮನೆಗೂ ಹರಡುತ್ತಿತ್ತು,
ಮೊದಲ ಒಗೆತದ ಲಂಗದಂತೆ.

ಆಮೇಲೆ ರೇಷ್ಮೆ ಕಾರ್ಖಾನೆಯ ಬಣ್ಣದ ಮನೆ ಸೇರಿದೆ.
ಇಪ್ಪತ್ತೆರಡು ವರ್ಷ ತೊಟ್ಟಿಯ ಮುಂದೆ, ಆವಿಯಲ್ಲಿ.
ಒಂದು ಲಡಿಯ ಕೆಂಪು ಇನ್ನೊಂದರ ಹಸಿರಿಗೆ ತಗುಲಿದರೆ
ಮೇಸ್ತ್ರಿ ಬೈಯುವ ಮೊದಲೇ ನನ್ನ ಕಣ್ಣು ಉರಿಯುತ್ತದೆ.

ಹಾಗಾಗಿ ಮುನವ್ವರ್ ಹೇಳಿದ್ದು ಥಟ್ಟನೆ ಹತ್ತಿತು
(ಈಗ ಅವನದು ಟೀವಿ ರಿಪೇರಿ, ಅದೇ ರಸ್ತೆ, ತಲೆ ಬೋಳು):
"ಅಕ್ಕಾ, ತಿರುಮಕೂಡಲಲ್ಲಿ ಹೊಳೆ ಕೂಡೋದು ನೋಡಿದ್ದೀಯಲ್ಲ,
ಕೂಡಿದ ಮೇಲೆ ಯಾವುದು ಕಾವೇರಿ, ಯಾವುದು ಕಪಿಲೆ?
ಹಳದಿ ತಂತಿ ಅಂದ್ರೆ ಅದೇ, ಕೂಡಿದ ನೀರು.
ಜಪಾನಿನ ಡಬ್ಬೀಲಿ ಕೂಡೋಕೆ ಮುಂಚೇನೇ ಮೊಗೀಬಹುದು,
ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು ತಂತಿ."

ಅಲ್ಲಿಯ ಕರೆಂಟು ನೂರು ವೋಲ್ಟು, ನಮ್ಮದು ಅದರ ಎರಡರಷ್ಟು ಮುಂಗೋಪಿ.
ನಡುವೆ ರಾಜಿ ಮಾಡಿಸಲು ಇಟ್ಟಿಗೆ ತೂಕದ ಟ್ರಾನ್ಸ್‌ಫಾರ್ಮರು.
ಮಂಡ್ಯದ ಕೇಬಲ್ ಚಾನೆಲ್ಲೊಂದು ಮುಚ್ಚಿದಾಗ
ಗುಜರಿಗೆ ಬಿದ್ದ ಮಾನಿಟರು,
ಸಾವಿರ ಮದುವೆಯ ಧಾರೆ ನೋಡಿ ದಣಿದ ಗಾಜು.
ಬಲಮೂಲೆಯಲ್ಲಿ ಚಾನೆಲ್ಲಿನ ಲಾಂಛನ
ಆರಿಸಿದರೂ ಆರದೆ ಸುಟ್ಟು ಕೂತಿದೆ.

ಶನಿವಾರ ರಾತ್ರಿ ಗುಂಡಿ ಒತ್ತಿದೆ.

ಅಬ್ಬಾ, ಅವನ ಬೂಟಿಗೆ ಲಾಡಿ ಇತ್ತೇ!
ಮೋಡಕ್ಕೆ ಅಂಚಿತ್ತೇ! ಇಷ್ಟು ವರ್ಷ ಹಣ್ಣು ಅಂದುಕೊಂಡದ್ದು ದೀಪವೇ!
ಒಂದು ಬಣ್ಣವೂ ಇನ್ನೊಂದರ ಹೊಸಿಲು ದಾಟಲಿಲ್ಲ.
ಒಬ್ಬಳೇ ಕೂತು ನಗುತ್ತಾ ಮೂರನೆಯ ಹಂತಕ್ಕೆ ಬಂದೆ.
ಅಲ್ಲಿ ಒಂದು ಜಲಪಾತ ಇರಬೇಕಿತ್ತು.

ಹದಿನೈದರಲ್ಲಿ ಅದರೆದುರು ಸುಮ್ಮನೆ ನಿಲ್ಲುತ್ತಿದ್ದೆ,
ರೂಪಾಯಿ ಹರಿದು ಹೋಗಲಿ ಎಂದು.
ನೀರಿನ ಹಿಂದೆ ಬೆಟ್ಟ ಕಾಣುತ್ತಿತ್ತು,
ಬೆಟ್ಟದ ಮೈಮೇಲೆ ನೀರು ಜಾರುತ್ತಿತ್ತು.

ಈಗ ಗೆರೆ.
ಒಂದು ನೀಲಿ, ಒಂದು ಖಾಲಿ,
ಒಂದು ನೀಲಿ, ಒಂದು ಖಾಲಿ.
ಹಾಸು ಏರಿಸಿ, ಹೊಕ್ಕು ಹಾಕದೆ
ಮಗ್ಗದವನು ಊಟಕ್ಕೆ ಎದ್ದು ಹೋದಂತೆ.

ತುಂಬಾ ಹೊತ್ತು ನೋಡಿದೆ.
ಇದನ್ನು ಮಾಡಿದವನಿಗೆ ಗೊತ್ತಿತ್ತು,
ಜಗತ್ತಿನ ಬಡ ತಂತಿಗಳೆಲ್ಲ ಸೋರುತ್ತವೆಂದು.
ಅರ್ಧ ನೇಯ್ದು ಬಿಟ್ಟಿದ್ದ,
ಉಳಿದರ್ಧ ಆ ಸೋರಿಕೆಗೆ.

ಹನ್ನೊಂದು ಗಂಟೆಗೆ ಮುನವ್ವರನಿಗೆ ಫೋನು.
ನೀರಿಲ್ಲ ಕಣೋ, ಅಂದೆ.
"ಭಾನುವಾರ ಬೆಳಿಗ್ಗೆ ನಲ್ಲಿ ಬಿಡ್ತಾರೆ ಅಕ್ಕಾ," ನಿದ್ದೆಗಣ್ಣಿನ ದನಿ.
ಬಿಡಿಸಿ ಹೇಳಿದ ಮೇಲೆ ಕೆಮ್ಮಿದ, ನಕ್ಕ:
"ಹಳೇದು ಎಸೆದಿಲ್ಲ ತಾನೇ? ಅದನ್ನೇ ಚುಚ್ಚು.
ಆಮೇಲೆ ಆ ತಂತಿದು ನೂರೆಂಬತ್ತು ಬಾಕಿ ಇದೆ, ನೆನಪಿರಲಿ."

ಹೊಲಿಗೆ ಡಬ್ಬದ ತಳದಲ್ಲಿತ್ತು,
ಇಲಿ ಕಡಿದ ಕುತ್ತಿಗೆ, ತುಕ್ಕಿನ ಮೂತಿ.
ಚುಚ್ಚಿದೆ, ತಿರುಚಿದೆ, ಉಸಿರು ಹಿಡಿದೆ.

ನೀರು ಬಿತ್ತು.
ಅವನ ಬೂಟಿನ ಕೆಂಪು ಪಕ್ಕದ ಹುಲ್ಲಿಗೆ ಹರಡಿತು.
ಬೈಯಲಿಲ್ಲ.