ಎದುರುಗಾಳಿಗೆ ಸರದಿ

ಏರಿಲ್ಲ, ಇಳಿಜಾರಿಲ್ಲ, ರೊಟ್ಟಿ ಹಲಗೆಯಷ್ಟು ಸಪಾಟು
ಎಂದು ನಂಬಿಸಿ ಹೊರಡಿಸಿದಳು ವೀಟ್‌ಸ್ಕೆ.
ಗಾಳಿಯ ಸುದ್ದಿ ಎತ್ತಲಿಲ್ಲ.

ಗ್ರೋನಿಂಗನ್ನಿಂದ ಕಡಲಿಗೆ, ಕಡಲಿಂದ ವಾಪಸು,
ಎಂಬತ್ತೆರಡು ಕಿಲೋಮೀಟರು, ನಾಲ್ಕು ಸೈಕಲ್ಲು.
ಡಚ್ ಕಲಿಸುವವಳು ಅವಳೊಬ್ಬಳು, ಕಲಿಯುವವರು ಮೂವರು:
ಸಕ್ಕರೆ ಕಾರ್ಖಾನೆಯ ಪೋಲೆಂಡಿನ ಬೋಗೂಶಾ,
ಬೇಕರಿಯ ರಾತ್ರಿಪಾಳಿ ಮುಗಿಸಿ ನೇರ ಬಂದ ಅಸ್ಮಾರಾದ ಟೆಸ್ಫಾಲೆಮ್,
ಪರರ ಬಾಯಿಗೆ ಪಿಂಗಾಣಿ ಹಲ್ಲು ತಿದ್ದುವ ನಾನು.
ವಾರಕ್ಕೆರಡು ಸಂಜೆ ಒಂದೇ ಬೆಂಚು.
'ಯಾಕೆಂದರೆ' ಬಂದರೆ ಕ್ರಿಯಾಪದ ಬಾಲಕ್ಕೆ ಹೋಗಬೇಕು ಎಂದಾಗ
ಬೋಗೂಶಾ ತಲೆ ಕೆರೆದುಕೊಂಡಳು,
ಟೆಸ್ಫಾಲೆಮ್, ನಾನು ಮುಖ ಮುಖ ನೋಡಿ ನಕ್ಕೆವು:
ನಮ್ಮಿಬ್ಬರ ಮಾತಲ್ಲೂ ಅದು ಯಾವಾಗಲೂ ಕೊನೆಗೇ ಬರುವುದು,
ಎಲೆ ಹಾಕಿದ ಮೇಲೆ ಸೋದರಮಾವ ಬಂದಂತೆ.

ಊರು ಮುಗಿದದ್ದೇ ತಡ, ಎದೆಗೆ ಅಂಗೈಯಿಟ್ಟು ತಳ್ಳಿತು ಗಾಳಿ.
ಹಸಿ ಜೇಡಿಯ ಹೊಲ, ಕಾಲುವೆ, ಮತ್ತೆ ಹೊಲ.
ಅಲ್ಲೊಂದು ಇಲ್ಲೊಂದು ದಿನ್ನೆ, ದಿನ್ನೆಗೊಂದು ಇಗರ್ಜಿ;
ಯಾವ ಕಾಲದಲ್ಲೋ ಕಡಲು ನುಗ್ಗಿದಾಗ ಹತ್ತಿ ಕೂತವು
ಇನ್ನೂ ಇಳಿದಿಲ್ಲ.

ಗಾಳಿಗೂ ನೆರಳಿದೆ, ಅಂದ ಟೆಸ್ಫಾಲೆಮ್.
ಮುಂದಿನವರ ಹಿಂದಿನ ಗಾಲಿಗೆ ಮೊಳ ದೂರದಲ್ಲಿ ಬಾ, ಸಿಗುತ್ತದೆ.
ಹತ್ತು ಕಂಬ ಒಬ್ಬರು, ಆಮೇಲೆ ಸರಿದು ಬಾಲಕ್ಕೆ.
ಬೋಗೂಶಾ ತನ್ನ ಸರದಿಯುದ್ದಕ್ಕೂ ಪೋಲಿಷಿನಲ್ಲಿ ಬೈದಳು.
ವೀಟ್‌ಸ್ಕೆ ಬೈಯಲಿಲ್ಲ, ಅವಳಿಗದು ಸಾಕಿದ ನಾಯಿ.
ನಾನು ಏಳನೇ ಕಂಬಕ್ಕೇ 'ಸಾಕವ್ವಾ' ಅಂದೆ.
ಗದಗಿನಲ್ಲಿ ತಾಸಿಗೆ ಎಂಟಾಣೆಯ ಬಾಡಿಗೆ ಸೈಕಲ್ಲಿನಲ್ಲಿ
ಕತ್ತರಿಗಾಲು ಹೊಡೆದು ಕಲಿತವಳು;
ತಾಸು ತುಂಬುವ ಮುಂಚೆ ತಿರುಗುವ ಚಟ ಇನ್ನೂ ಹೋಗಿಲ್ಲ.

ದಾರಿಬದಿ ಒಂದು ಗೂಡು: ಮೊಟ್ಟೆ, ಈರುಳ್ಳಿ, ದುಡ್ಡಿನ ಡಬ್ಬಿ,
ಮಾರುವವರಿಲ್ಲ.
ಬೋಗೂಶಾ ಎರಡು ಯೂರೋ ಹಾಕಿದಳು, ಚಿಲ್ಲರೆ ಕೊಡುವವರಿಲ್ಲ.
ಅದರ ಲೆಕ್ಕಕ್ಕೆ ಇನ್ನೂ ನಾಲ್ಕು ಈರುಳ್ಳಿ ಆರಿಸಿಕೊಂಡು
ಖಾಲಿ ಹೊಲಕ್ಕೊಂದು ನಮಸ್ಕಾರ ಹೇಳಿದಳು.
ಅಲ್ಲಿಯೇ ನನ್ನ ಗಾಲಿ ಕೂತಿತು.
ಟೆಸ್ಫಾಲೆಮ್ ಟ್ಯೂಬನ್ನು ಕಾಲುವೆಯಲ್ಲಿ ಅದ್ದಿ ಹಿಂಡುತ್ತ
ಗುಳ್ಳೆ ಏಳುವ ಜಾಗಕ್ಕೆ
ಕಣ್ಣಲ್ಲ, ಕಿವಿ ಕೊಟ್ಟ.

ಒಡ್ಡು ಹತ್ತಿದರೆ ಕುರಿಗಳಿವೆ, ಕಡಲಿಲ್ಲ.
ಇಳಿತ. ಕಣ್ಣು ಹೋಗುವ ತನಕ ಕೆಸರು ಮಿರುಗುತ್ತಿತ್ತು,
ಮನೆಯೊಡತಿ ಎಲ್ಲೋ ಹೋಗಿ ಅಂಗಳ ಮಾತ್ರ ಸಿಕ್ಕಂತೆ.
"ಆರು ತಾಸಿಗೆ ಬರುತ್ತೆ," ಅಂದಳು ವೀಟ್‌ಸ್ಕೆ, ತಪ್ಪು ತನ್ನದೆಂಬಂತೆ.
ನಾನು ಚಪಾತಿಗೆ ಶೇಂಗಾಹಿಂಡಿ ಸವರಿ ಹಂಚಿದೆ.

ಅಸ್ಮಾರಾದಿಂದ ಮಸಾವಾಕ್ಕೆ ಇಳಿಯುವ ದಾರಿಯನ್ನು ಅವನು ಹೇಳಿದ,
ಮೋಡದೊಳಗಿಂದ ಹೊರಟು ಬಿಸಿಯುಪ್ಪಿನ ಸೆಕೆಯೊಳಕ್ಕೆ.
ರೇಸಿನಲ್ಲಿ ತಾನು ಮೂರನೆಯವನು, ತಮ್ಮ ಎರಡನೆಯವನು.
ಮತ್ತೆ ಯಾಕೆ ಬಿಟ್ಟೆ, ಬೋಗೂಶಾ ಕೇಳಿದಳು.
"ಯಾಕೆಂದರೆ ನನ್ನ ತಮ್ಮ ಇನ್ನೊಂದು ಕಡಲಿನಲ್ಲಿ..."
ಡಚ್ಚಿನಲ್ಲೇ ಹೇಳುತ್ತಿದ್ದ. ತಮ್ಮ ಬಂದ, ಕಡಲು ಬಂತು.
ಕ್ರಿಯಾಪದಕ್ಕೆ ಕಾದೆವು.
ಕುರಿಯೊಂದು ಕೆಮ್ಮಿತು.
ಅಲ್ಪವಿರಾಮ ತಪ್ಪಿದರೂ ಬಿಡದ ವೀಟ್‌ಸ್ಕೆ
ಚಪಾತಿಯ ಇನ್ನೊಂದು ತುಂಡು ಮುರಿದಳು.

ಮರಳುವಾಗ ಗಾಳಿ ಬೆನ್ನಿಗಿತ್ತು, ಸರದಿ ಬೇಕಿರಲಿಲ್ಲ.
ಬುಟ್ಟಿಯಲ್ಲಿ ಈರುಳ್ಳಿ ಉರುಳಾಡುವ ಸದ್ದು.
ಟೆಸ್ಫಾಲೆಮ್ ಬೆನ್ನು ಬಾಗಿಸಿದ, ಕಂಡದ್ದು ಅಷ್ಟೇ;
ಸಾಸಿವೆಯಷ್ಟಾದ, ಆಮೇಲೆ ಅದೂ ಇಲ್ಲ.

ಅರ್ಧ ತಾಸಿನ ಮೇಲೆ ಎತ್ತುಸೇತುವೆಯ ಬಳಿ ಸಿಕ್ಕ,
ಒಂದು ಕಾಲು ನೆಲಕ್ಕೂರಿ ನಿಂತಿದ್ದ.
"ದೋಣಿ ಬಂತು, ಸೇತುವೆ ಎತ್ತಿದ್ದರು," ಅಂದ.
ಸೇತುವೆ ಇಳಿದೇ ಇತ್ತು.
ಕಾಲುವೆಯಲ್ಲಿ ಆ ತುದಿಯಿಂದ ಈ ತುದಿಗೆ
ದೋಣಿ ಹೋದ ಗೆರೆ ಇರಲಿಲ್ಲ.