ಕಣಜ

ಶಿವಡಿಯ ಹದಿನಾಲ್ಕನೇ ಗೋದಾಮು. ಮೇ ತಿಂಗಳು, ಬೆಳಿಗ್ಗೆ ಹನ್ನೊಂದು.
ಅಚ್ಚಿನ ಯಂತ್ರವೊಂದು ಹೊದ್ದು ಬಂದಿದ್ದ ಪೈನ್ ಪೆಟ್ಟಿಗೆಯ
ಅಡಿಹಲಗೆಯಲ್ಲಿ ಒಂದು ತೂತು.
ಬಡಗಿಯೂ ನಾಚಬೇಕು, ಅಷ್ಟು ದುಂಡಗೆ.

‘ಮೊಳೀ ಕಿತ್ತಿರಬೇಕ್ರೀ ಮೇಡಮ್’ ಅಂದ ಸಿದ್ರಾಯ,
ಇಂಡಿ ಕಡೆಯವ, ಇಪ್ಪತ್ತು ವರ್ಷದ ಹಮಾಲಿಯ ಹೆಗಲು.
ಬ್ಯಾಟರಿ ಹಿಡಿದೆ.
ಮೊಳೆಗೆ ಮೀಸೆ ಬಂತು.

ಮೀಸೆಯ ಹಿಂದೆ ಮುಖ, ಮುಖದ ಹಿಂದೆ
ಕಾಯಿಸಿದ ಉಕ್ಕಿನ ನೀಲಿ ಮೈ, ಕೇಸರಿ ಕಾಲು,
ಎಲ್ಲದರ ಕೊನೆಗೆ, ಅವಸರದಲ್ಲಿ ಕಿತ್ತು ತಂದಂತೆ,
ಒಂದು ಸೂಜಿ.

‘ಕಚ್ಚತೈತೇನ್ರೀ?’
ಇಲ್ಲ. ಮನುಷ್ಯರ ಗೊಡವೆ ಇದಕ್ಕಿಲ್ಲ.
ಸೂಜಿ ಎಲೆಯ ಮರವನ್ನು ಹುಡುಕಿ
ಸೂಜಿಯಿಂದಲೇ ಕೊರೆಯುತ್ತದೆ. ಒಳಗಿಡುವುದು ಮೂರು:
ಒಂದು ತತ್ತಿ, ಒಂದು ತೊಟ್ಟು ನಂಜು, ಒಂದು ಚಿಟಿಕೆ ಬೂಸು.
ನಂಜಿಗೆ ಮರದ ಗಂಟಲು ಒಣಗಬೇಕು,
ಬೂಸು ಒಣಗಿದ್ದನ್ನು ಮೆತ್ತಗೆ ಮಾಡಬೇಕು,
ಮರಿ ಮೆತ್ತಗಾದದ್ದನ್ನು ತಿನ್ನುತ್ತ ಕತ್ತಲಲ್ಲಿ
ವರ್ಷವೋ ಎರಡೋ ಮೂರೋ ದಾರಿ ತೋಡಬೇಕು.
ಹೊರಗಿನಿಂದ ನೋಡಿದವರಿಗೆ ಕಾಣುವುದಿಷ್ಟೇ:
ಗುಡ್ಡಕ್ಕೆ ಗುಡ್ಡವೇ ಹಸಿರು ಬಿಟ್ಟು ಹಳದಿ,
ಹಳದಿ ಬಿಟ್ಟು ತುಕ್ಕು.

‘ಹೆಸರೇನ್ರೀ ಇದಕ್ಕ?’
ಕಣಜ, ಅಂದೆ. ಮರ ಕೊರೆಯೋ ಕಣಜ.
ಅವನು ನಕ್ಕ. ‘ನಮ್ಮೂರಾಗ ಕಣಜ ಅಂದ್ರ
ಜ್ವಾಳ ತುಂಬಿಡೋದು.’
ಹೌದಲ್ಲ.
ತುಂಬುವುದಕ್ಕೂ ಬರಿದು ಮಾಡುವುದಕ್ಕೂ
ನಮ್ಮ ಹಿರಿಯರು ಒಂದೇ ಮಾತು ಸಾಕೆಂದರು.
ಪೆಟ್ಟಿಗೆಯ ಮೈಮೇಲೆ ಗೋಧಿ ತೆನೆಯ ಮುದ್ರೆ,
‘ಕಾಯಿಸಲಾಗಿದೆ’ ಎಂಬ ಪ್ರಮಾಣ. ಸುಳ್ಳು ತೆನೆ,
ಅದರ ಕೆಳಗೆ ನಿಜವಾದ ಕಣಜ.

ಹುಟ್ಟಿದ ಸೀಮೆಯಲ್ಲಿ ಇದು ಸಾಯುವ ಮರಗಳ ನೆಂಟ.
ಅಲ್ಲಿ ಇದನ್ನೂ ಹುಡುಕಿ ಕೊರೆಯುವ ಇನ್ನೊಂದು ಕಣಜವಿದೆ,
ಇದರ ಗರ್ಭದಲ್ಲೇ ಸೇರಿ ಬಂಜೆ ಮಾಡುವ ದಾರದಂಥ ಹುಳವಿದೆ.
ಸಮುದ್ರ ದಾಟಿದ ಮೇಲೆ ಹಿಡಿಯುವವರಿಲ್ಲ,
ಸಾಲಾಗಿ ನೆಟ್ಟ ತೋಪುಗಳು, ಒತ್ತೊತ್ತಾಗಿ ನಿಂತ ಬಾಯಾರಿದ ಮರಗಳು.

ಬರೆದುಕೊಳ್ಳುತ್ತಿದ್ದೆ: ‘ಹೊರಗಿನದು. ಹಾನಿಕಾರಕ.’
ಕೈ ನಿಂತಿತು.
ಐದನೇ ಇಯತ್ತೆ. ಲಾಲ್‌ಬಾಗ್. ಅಪ್ಪನ ಗಡಿಯಾರ ರಿಪೇರಿ ಅಂಗಡಿ.
ಕನ್ನಡ ಬೋರ್ಡಿಗೆ ಬಿದ್ದ ಕಲ್ಲು.
‘ಹೊರಗಿನ ಹುಳಗಳು’ ಎಂದು ಕೂಗಿದವರಲ್ಲಿ ಒಬ್ಬ
ಹಿಂದಿನ ವಾರವಷ್ಟೇ ಗಡಿಯಾರ ಒಯ್ದವನು,
ಮುಂದಿನ ವಾರ ಮುಳ್ಳು ಸರಿಯಿಲ್ಲವೆಂದು ಮತ್ತೆ ತಂದ.
ಅಪ್ಪ ಸರಿ ಮಾಡಿಕೊಟ್ಟ. ದುಡ್ಡು ತಗೊಂಡ.

ಹುಳ ಹುಳವೇ, ಮನುಷ್ಯ ಮನುಷ್ಯನೇ.
ಎರಡನ್ನೂ ಒಂದೇ ನಾಲಿಗೆಯಲ್ಲಿ ಹೇಳಿದವರಿಂದ
ನನಗೆ ಈ ಕೆಲಸ ಕಷ್ಟವಾಗಿದೆ, ಅಷ್ಟೇ.
ವಾಕ್ಯ ಮುಗಿಸಿದೆ. ಸಹಿ ಹಾಕಿದೆ.
ತಾಡಪತ್ರಿ, ಅಂಚಿಗೆ ಮರಳಿನ ಚೀಲ, ಇಪ್ಪತ್ನಾಲ್ಕು ಗಂಟೆ ಗ್ಯಾಸು.
ಒಳಗೆ ಇನ್ನೆಷ್ಟಿದ್ದವೋ, ಕಿವಿಯಿಟ್ಟು ಕೇಳಲಿಲ್ಲ.
ಇಲ್ಲಿಂದ ದೇವದಾರುಗಳಿಗೆ ಸಾವಿರಾರು ಮೈಲಿ, ನಿಜ.
ಆದರೆ ಲಾರಿಗೆ ಮೂರೇ ದಿನ.

ಇವಳನ್ನು ಮಾತ್ರ ಬಾಟಲಿಯಲ್ಲಿ ಟೇಬಲ್ಲಿಗೆ ತಂದೆ.
ಪ್ರಯೋಗಾಲಯದ ಹುಡುಗ ಬರುವುದು ನಾಲ್ಕಕ್ಕೆ.
ಊಟವಿಲ್ಲ ಇವಳಿಗೆ; ಮರಿಯಾಗಿ ತಿಂದದ್ದೇ ಆಯುಸ್ಸಿನ ಬುತ್ತಿ.
ಕಿಟಕಿಯಾಚೆ ಇಳಿತದ ಕೆಸರು, ತಡವಾಗಿ ಹೊರಟ ರಾಜಹಂಸಗಳು,
ಕಾಂದಳದ ಸಾಲು. ಒಂದಾದರೂ ಪೈನ್ ಇಲ್ಲ.

ಗಾಜು ಜಾರದಿರಲಿ ಎಂದು ಬಾಟಲಿಯೊಳಗೆ
ನನ್ನ ತುಂಡು ಪೆನ್ಸಿಲ್ ಇಟ್ಟೆ.
ಅದು ಯಾವ ಮರದ್ದೋ ಗೊತ್ತಿಲ್ಲ.
ಅವಳು ಹತ್ತಿದಳು. ಮೀಸೆಯಿಂದ ಉದ್ದಕ್ಕೂ ತಟ್ಟಿದಳು.
ನಿಂತಳು. ಇನ್ನೊಮ್ಮೆ ತಟ್ಟಿದಳು.

ಬೆನ್ನು ಕಮಾನಾಯಿತು.
ಸೂಜಿ ಕೆಳಗಿಳಿಯಿತು.